ಬೆಂದ ಮೇಲೆ ಇಳಿಸಿ

ಬಾಯಿಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಮೀಟರಯ್ಯ ಚಿಕ್ಕಂದಿನಲ್ಲಿ ಹತ್ತು ಸಲ ಕಾಪಿ ಬರೆದು ಮೇಷ್ಟರಿಗೆ ತೋರಿಸಿದ್ದವನೇ. ಆದರೆ ಬರೆದದ್ದು ಕೈ. ಬಾಯಿಗೆ ಆ ಸುದ್ದಿ ಕೊನೆಗೂ ಮುಟ್ಟಲಿಲ್ಲ. ಮುಟ್ಟಿದ್ದರೆ ಸೋಮವಾರ ಸಂಜೆ, ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಅತ್ತೆಯ ಎದುರು ಎದೆ ಸೆಟೆಸಿ ನಿಂತು, “ಅಡುಗೆ ಏನು ಮಹಾ ಅತ್ತೆ? ದಿನಕ್ಕೆ ಎಂಬತ್ತು ಅಡುಗೆಮನೆ ನೋಡೋನು ನಾನು” ಅಂತ ಯಾಕೆ ಅನ್ನುತ್ತಿದ್ದ?

ಎಂಬತ್ತು ಅಂದದ್ದು ಸುಳ್ಳಲ್ಲ. ಮೀಟರಯ್ಯ ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸದವನು. ಊರಿನಲ್ಲಿ ಮನೆ ಕಟ್ಟಿದವರಿಗೆ ಅದೇನು ಬುದ್ಧಿಯೋ, ಅರ್ಧಕ್ಕರ್ಧ ಮನೆಗಳಲ್ಲಿ ಮೀಟರನ್ನು ಅಡುಗೆಮನೆಯ ಬಾಗಿಲ ಮೇಲೇ ಕೂರಿಸಿದ್ದಾರೆ. ಇವನು ಸ್ಟೂಲು ಹತ್ತಿ ಅಂಕಿ ಬರೆದುಕೊಂಡು ಕೆಳಗಿಳಿಯುವಷ್ಟರಲ್ಲಿ ಒಲೆಯ ಮೇಲೆ ಏನು ಬೇಯುತ್ತಿದೆ ಅಂತ ಮೂಗಿಗೆ ಗೊತ್ತಾಗಿರುತ್ತಿತ್ತು. ಬಂಡವಾಳ ಇಷ್ಟೇ. ಆರನೇ ನಂಬರಿನ ಮನೆಯಲ್ಲಿ ಕಂಡದ್ದನ್ನು ಒಂಬತ್ತನೇ ನಂಬರಿನ ಮನೆಯಲ್ಲಿ ಹೇಳುತ್ತಿದ್ದ, ಒಂಬತ್ತರದ್ದನ್ನು ಇಪ್ಪತ್ತರಲ್ಲಿ. “ಬೀಟ್‌ರೂಟನ್ನ ಸಿಪ್ಪೆ ಸಮೇತ ಬೇಯಿಸಿ ನೋಡಿ ತಾಯಿ, ಬಣ್ಣ ಎಲ್ಲೂ ಹೋಗಲ್ಲ” ಅನ್ನುತ್ತಿದ್ದ, ತಾನೇ ಹುಟ್ಟಿನಿಂದ ಬೀಟ್‌ರೂಟ್ ಬೇಯಿಸಿಕೊಂಡು ಬಂದವನ ಹಾಗೆ. ಸ್ವಂತ ಮನೆಯಲ್ಲಿ ಮಾತ್ರ, ಮದುವೆಯಾಗಿ ಹನ್ನೆರಡು ವರ್ಷವಾದರೂ, ಒಲೆಯ ತಿರುಪು ಎಡಕ್ಕೆ ತಿರುಗುತ್ತದೋ ಬಲಕ್ಕೆ ತಿರುಗುತ್ತದೋ ಅವನಿಗೆ ಗೊತ್ತಿರಲಿಲ್ಲ.

ಹೆಂಡತಿಗೆ ಗಂಟಲಿನ ಆಪರೇಷನ್ ಆಗಿತ್ತು. ಹದಿನೈದು ದಿನ ಒಂದಕ್ಷರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು ಅಂತ ಡಾಕ್ಟರು ಹೇಳಿದ್ದರು. ಊಟಕ್ಕೆ ಮೆತ್ತಗೆ ಬೆಂದ ತರಕಾರಿ, ಖಾರ ಬೇಡ, ಹುಳಿ ಬೇಡ. ಆದರೆ ಆಸ್ಪತ್ರೆಯ ತರಕಾರಿ ನೋಡಿದರೇ ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಮೂರು ದಿನದಲ್ಲಿ ಹೊಟ್ಟೆಗೆ ಹೋದದ್ದು ನಾಲ್ಕೋ ಐದೋ ಚಮಚ. “ಹೊಟ್ಟೆಗೆ ಹೋಗದಿದ್ರೆ ಗಾಯ ಮಾಯೋದು ಹೇಗ್ರೀ?” ಅಂತ ಡಾಕ್ಟರು ಬೈದಿದ್ದೂ ಆಗಿತ್ತು.

ಅತ್ತೆ ಆಗ ಕಣಕ್ಕಿಳಿದರು. ಅತ್ತೆ ಅಂದರೆ ಸಾಮಾನ್ಯದವರಲ್ಲ, ಮೂವತ್ತು ವರ್ಷ ಶಾಲೆಗಳ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಹಳೇ ಕಾರಿನ ಹಾರನ್ ಕೇಳಿದರೆ ಈಗಲೂ ನಾಲ್ಕು ಮೇಷ್ಟರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ.

“ಇವಳನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಎರಡು ತಿಂಗಳು,” ಅಂದರು.

ಎರಡು ತಿಂಗಳು! ಮೂರು ದಿನಕ್ಕೇ ಮೀಟರಯ್ಯನಿಗೆ ಮನೆ ಭಣಗುಟ್ಟುತ್ತಿತ್ತು. ಹಾಲು ಉಕ್ಕಿದರೆ ಬೈಯುವವರಿಲ್ಲ, ಟವಲು ಮಂಚದ ಮೇಲೆ ಎಸೆದರೆ ಬೈಯುವವರಿಲ್ಲ. ಬೈಗುಳವಿಲ್ಲದ ಮನೆಯಲ್ಲಿ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳ ಕಣ್ಣಲ್ಲೂ ‘ಏನಾದರೂ ಹೇಳಿ’ ಅನ್ನುವ ಹಾಗೆ ಏನೋ ಇತ್ತು. ಆ ಗಳಿಗೆಯಲ್ಲಿ ಬಾಯಿಂದ ಬಂದದ್ದೇ ಎಂಬತ್ತು ಅಡುಗೆಮನೆಯ ಮಾತು.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. “ಹೌದಾ ಅಳಿಯಂದ್ರೇ? ಹಾಗಾದ್ರೆ ತಪಾಸಣೆ ಮಾಡೇಬಿಡೋಣ. ನಾಳೆ ಡಿಸ್ಚಾರ್ಜ್ ಮಾಡಿಸ್ಕೊಂಡು ಒಂದು ಗಂಟೆಗೆ ಸರಿಯಾಗಿ ನಿಮ್ಮನೇಗೆ ಬರ್ತೀವಿ. ನಿಮ್ಮ ಕೈಯಡುಗೆ ಇವಳು ಒಂದು ತಟ್ಟೆ ಪೂರ್ತಿ ತಿಂದ್ರೆ ಅಲ್ಲೇ ಇರ್ಲಿ. ಇಲ್ದಿದ್ರೆ ಇವಳ ಚೀಲ ಕಾರಿಂದ ಕೆಳಗೇ ಇಳಿಯಲ್ಲ. ಹಾಗೇ ಮುಂದಕ್ಕೆ.”

ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಹೆಂಡತಿ ಅತ್ತೆಗೆ ಕಾಣದ ಹಾಗೆ ಅವನ ಜೇಬಿಗೆ ಒಂದು ಚೀಟಿ ತುರುಕಿದಳು. ಮನೆಗೆ ಬಂದು ಬಿಡಿಸಿದ. ಆರು ಸಾಲು.

ಕ್ಯಾರೆಟ್, ಬೀನ್ಸ್, ಕೋಸು ಹೆಚ್ಚಿಸಿಡಿ.
ಬಾಣಲೆ ಕಾಯಬೇಕು.
ಎಣ್ಣೆ ಒಂದು ಚಮಚ ಸಾಕು.
ತಟ್ಟೆ ಮುಚ್ಚಿ.
ಬೆಂದ ಮೇಲೆ ಇಳಿಸಿ.
ಉಪ್ಪು ಕಡೆಗೆ.

ಇಷ್ಟು ಸುಲಭದ ಅಡುಗೆಯನ್ನು ಮೂರನೇ ತರಗತಿ ಮಗು ಕೂಡ ಮಾಡೀತು ಅಂತ ನೀವು ಅನ್ನಬಹುದು. ಮೂರನೇ ತರಗತಿ ಮಗು ಇಪ್ಪತ್ತು ವರ್ಷ ಮೀಟರ್ ಓದಿರುವುದಿಲ್ಲ ಸ್ವಾಮಿ, ಅಲ್ಲೇ ಇರುವುದು ವ್ಯತ್ಯಾಸ. ‘ಹೆಚ್ಚು’ ಅನ್ನುವ ಮಾತು ಮೀಟರಯ್ಯನ ಕಿವಿಗೆ ದಿನಕ್ಕೆ ನೂರು ಸಲ ಬೀಳುತ್ತಿತ್ತು. “ಹೋದ ತಿಂಗಳಿಗಿಂತ ಯಾಕ್ರೀ ಹೆಚ್ಚು?” “ಪಕ್ಕದ ಮನೆಗಿಂತ ನಮ್ಮದು ಹೇಗ್ರೀ ಹೆಚ್ಚು?” ಆ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದರಲ್ಲಿ ಚಾಕುವೂ ಇದೆ ಅನ್ನುವುದು ಅವನ ತಲೆಗೆ ಹೊಳೆಯುವ ಸಂಭವವೇ ಇರಲಿಲ್ಲ.

ಬುಟ್ಟಿ ನೋಡಿದ. ಮೂರು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಅರ್ಧ ಕೋಸು.

“ಸರಿಯಾಗೇ ಬರ್ದಿದಾಳೆ. ಇಷ್ಟು ಯಾರ ಹಲ್ಲಿಗೆ ಸಾಕು? ಹೆಚ್ಚಿಸಲೇಬೇಕು,” ಅಂದುಕೊಂಡು ಹೊರಗೆ ಬಂದ. ಪುಣ್ಯಕ್ಕೋ ಪಾಪಕ್ಕೋ ತರಕಾರಿ ಗಾಡಿಯಮ್ಮ ಬೀದಿಯಲ್ಲೇ ಇದ್ದಳು.

ಎಷ್ಟು ಹೆಚ್ಚಿಸಬೇಕು? ಚೀಟಿಯಲ್ಲಿ ಅಂಕಿ ಇಲ್ಲ. ಅಂಕಿ ಇಲ್ಲದ ಕಾಗದ ಕಂಡರೆ ಮೀಟರಯ್ಯನಿಗೆ ಕೈಕಾಲು ಆಡುವುದಿಲ್ಲ. ಎದುರುಮನೆ ಟೈಲರ್ ಅಂಗಡಿಗೆ ಹೋಗಿ ಅಲ್ಲಿಂದ ವಾರ್ಡಿಗೆ ಫೋನ್ ಮಾಡಿದ. ನರ್ಸಮ್ಮ ಎತ್ತಿದರು.

“ಪೇಷಂಟ್ ಮಾತಾಡೋ ಹಾಗಿಲ್ರೀ.”

“ನಾನು ಮಾತಾಡ್ತೀನಿ ಸಿಸ್ಟರ್, ಅವಳು ಚಮಚದಲ್ಲಿ ತಟ್ಟಿದ್ರೆ ಸಾಕು. ಒಂದು ಸಲ ತಟ್ಟಿದ್ರೆ ಹೌದು, ಎರಡು ಸಲ ತಟ್ಟಿದ್ರೆ ಇಲ್ಲ.”

ಫೋನು ಮಂಚದ ಹತ್ತಿರ ಹೋಯಿತು. ಮೀಟರಯ್ಯ ಗಂಟಲು ಸರಿಮಾಡಿಕೊಂಡ.

“ಚೀಟೀಲಿ ಬರ್ದಿರೋ ಹಾಗೆ ಹೆಚ್ಚಿಸ್ಬೇಕು ತಾನೇ?”

ಟಣ್.

“ಮೂರನ್ನೂ?”

ಟಣ್.

“ಪೂರ್ತಿ?”

ಟಣ್.

“ಇಲ್ಲೇ ಗಾಡಿಯಮ್ಮ ಇದಾಳೆ ಕಣೇ. ಅವಳ ಹತ್ರಾನೇ ಹೆಚ್ಚಿಸ್ಲಾ?”

ಟಣ್! ಇದು ಬಹಳ ಸಮಾಧಾನದ ಟಣ್. ಸದ್ಯ, ಇವರ ಹತ್ತು ಬೆರಳೂ ಉಳಿದವಲ್ಲ ಅಂತ ಆ ಕಡೆ ಅವಳಿಗೆ ಹೋದ ಜೀವ ಬಂದಂತಾಗಿತ್ತು. ಗಂಡ ಚಾಕು ಹಿಡಿಯುವುದು ಬೇಡ ಅಂತಲೇ ಅವಳು ‘ಹೆಚ್ಚಿಡಿ’ ಅನ್ನದೆ, ಬೇರೆಯವರ ಕೈಲಿ ಹೆಚ್ಚಿಸಿಡಿ ಅಂತ ಬರೆದದ್ದು. ಇಬ್ಬರೂ ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿಯೇ ಇದ್ದರು. ಫೋನಿನ ತಂತಿಯದ್ದೂ ತಪ್ಪಿಲ್ಲ.

“ಪೂರ್ತಿ ಹೆಚ್ಚಿಸ್ಬೇಕಂತೆ ನೋಡಮ್ಮ,” ಅಂದ ಮೀಟರಯ್ಯ ಹೊರಗೆ ಬಂದು.

“ಪೂರ್ತಿ ಅಂದ್ರೆ? ಪೂರ್ತಿ ಗಾಡೀನಾ ಅಣ್ಣ?”

“ಕ್ಯಾರೆಟ್, ಬೀನ್ಸ್, ಕೋಸು ಅಷ್ಟೇ. ಇರೋದೆಲ್ಲಾ ಕೊಡು.”

ಗಾಡಿಯಮ್ಮನಿಗೆ ಬೆಳಿಗ್ಗೆ ಹತ್ತು ಗಂಟೆಗೇ ಗಾಡಿ ಹಗುರವಾಗುವ ಭಾಗ್ಯ ಜನ್ಮದಲ್ಲಿ ಬಂದಿರಲಿಲ್ಲ. ಅಣ್ಣನ ಮನಸ್ಸು ಬದಲಾಗುವುದರೊಳಗೆ ಅಂತ ತಾನೇ ಹೊತ್ತು ತಂದು ಒಳಗೆ ಸುರಿದಳು. ಕುರ್ಚಿಗಳ ಮೇಲೆ ಎಂಟು ಕೋಸು ಕುಳಿತವು, ಮಂಚದ ಮೇಲೆ ಬೀನ್ಸ್ ಮಲಗಿತು, ಕ್ಯಾರೆಟ್ಟಿಗೆ ನೆಲವೇ ಗತಿಯಾಯಿತು.

ನೋಡಲು ಬಂದ ಟೈಲರ್ ಬಾಗಿಲಲ್ಲೇ ನಿಂತ. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ.

“ಎಷ್ಟು ಜನ ಊಟಕ್ಕೆ ಮೀಟರಯ್ಯ?”

“ಒಬ್ಬಳು.”

ನಾಲ್ಕು ಗಜದ ಗಿರಾಕಿಗೆ ನಲವತ್ತು ಗಜ ಬಟ್ಟೆ ತಂದವರನ್ನೂ ಟೈಲರ್ ಕಂಡಿದ್ದ. ಸೀದಾ ಹೋಗಿ, ತಾನು ಏಪ್ರನ್ ಹೊಲಿದು ಕೊಡುವ ಕಾರ್ಖಾನೆ ಕ್ಯಾಂಟೀನಿನಿಂದ ಒಂದು ಬಾಣಲೆ ಕೇಳಿ ಹೊತ್ತು ತಂದ. ಬಾಣಲೆ ಅಂದರೆ ಎಂಥದ್ದು? ಅದರಲ್ಲಿ ಇಬ್ಬರು ಮಕ್ಕಳು ಸ್ನಾನ ಮಾಡಬಹುದು. ಎರಡೂ ಬರ್ನರುಗಳ ಮೇಲೆ ಅಡ್ಡಡ್ಡ ಕೂತಿತು. ಗೋಡೆ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

ಮೀಟರಯ್ಯ ಎರಡನೇ ಸಾಲು ಓದಿದ. ಬಾಣಲೆ ಕಾಯಬೇಕು.

ಓದಿದ ಕೂಡಲೇ ಅವನಿಗೆ ಕಿಟಕಿ ನೆನಪಾಯಿತು, ಕಿಟಕಿಯಿಂದ ಬರುವ ಕಂದು ಬೆಕ್ಕು ನೆನಪಾಯಿತು. ಹೋದ ವಾರವಷ್ಟೇ ಅದು ಒಳಗೆ ನೆಗೆದು ಹಾಲಿನ ಪಾತ್ರೆಗೆ ಬಾಯಿ ಹಾಕಿತ್ತು. “ಒಂದು ಪಾತ್ರೆ ಕಾಯೋಕೂ ಆಗಲ್ವಾ ನಿಮ್ಮ ಕೈಲಿ?” ಅಂತ ಹೆಂಡತಿ, ಗಂಟಲು ನೋವಿದ್ದರೂ ಲೆಕ್ಕಿಸದೆ, ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದಳು.

“ಪಾಪ, ಆಸ್ಪತ್ರೇಲಿ ಮಲಗಿದ್ರೂ ಅವಳಿಗೆ ಆ ಬೆಕ್ಕಿಂದೇ ಚಿಂತೆ,” ಅಂದ. ಕಸಬರಿಕೆ ತಂದ, ಸ್ಟೂಲು ಎಳೆದುಕೊಂಡ, ಬಾಣಲೆಯ ಎದುರು ಕೂತ. ಟೈಲರನ ಕೈಗೆ ಗಜದ ಕೋಲು ಕೊಟ್ಟು ಕಿಟಕಿಯ ಕಾವಲಿಗೆ ನಿಲ್ಲಿಸಿದ.

ಇಬ್ಬರು ಪ್ರಾಪ್ತ ವಯಸ್ಕರು, ಒಬ್ಬ ಸರ್ಕಾರಿ ನೌಕರ, ಒಬ್ಬ ಸ್ವಂತ ಅಂಗಡಿಯವನು, ಖಾಲಿ ಬಾಣಲೆಗೆ ಪಹರೆ ಕೊಡುತ್ತಾ ಕೂತರು. ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಬೆಕ್ಕು ಒಮ್ಮೆ ಕಿಟಕಿಯಲ್ಲಿ ಮುಖ ತೋರಿಸಿ, ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಪಾಡಿಗೆ ಹೋಯಿತು. ಮೂವರಲ್ಲಿ ಬುದ್ಧಿ ಇದ್ದದ್ದು ಅದಕ್ಕೆ ಮಾತ್ರ.

ಹನ್ನೊಂದೂವರೆಗೆ ಟೈಲರನ ಕಾಲು ಜೋಮು ಹಿಡಿಯಿತು.

“ಎಷ್ಟೊತ್ತು ಕಾಯ್ಬೇಕು ಮೀಟರಯ್ಯ?”

“ಚೀಟೀಲಿ ಬರ್ದಿಲ್ಲ.”

“ಅಲ್ಲಿ ನನ್ನ ಇಸ್ತ್ರಿಪೆಟ್ಟಿಗೆ ಕಾಯೋಕೆ ಇಟ್ಟು ಬಂದಿದೀನಿ ಕಣ್ರೀ. ಕಾದು ಕೆಂಪಾಗಿರುತ್ತೆ ಇಷ್ಟೊತ್ತಿಗೆ...” ಅಂದವನು ಅಲ್ಲೇ ನಿಂತುಬಿಟ್ಟ. ಇಸ್ತ್ರಿಪೆಟ್ಟಿಗೆ ಇದ್ದ ದಿಕ್ಕು ನೋಡಿದ. ಬಾಣಲೆ ನೋಡಿದ. ಗಜದ ಕೋಲು ಮೆಲ್ಲಗೆ ಕೆಳಗಿಳಿಸಿದ. “ಮೀಟರಯ್ಯ, ಇಸ್ತ್ರಿಪೆಟ್ಟಿಗೆ ಕಾಯ್ಬೇಕು ಅಂದ್ರೆ ನಾನೇನು ಅದರ ಪಕ್ಕ ಕೋಲು ಹಿಡ್ಕೊಂಡು ಕೂತಿರ್ತೀನಾ?”

ಮೀಟರಯ್ಯ ಬಾಣಲೆ ಮುಟ್ಟಿ ನೋಡಿದ, ತಣ್ಣಗಿತ್ತು.

“ಬಿಸಿ ಆಗ್ಬೇಕು ಅಂತಾ?” ಅಂದ.

“ಬಿಸಿ ಆಗ್ಬೇಕು ಅಂತ. ಮತ್ತೆ ಆ ಮೊದಲ್ನೇ ಸಾಲು ಇನ್ನೊಂದ್ಸಲ ಓದಿ.”

“ಕ್ಯಾರೆಟ್, ಬೀನ್ಸ್, ಕೋಸು...” ಮೀಟರಯ್ಯ ಓದಿದ. ಓದುತ್ತಾ ಓದುತ್ತಾ ಅವನ ಮುಖದ ಬಣ್ಣ ಇಳಿಯಿತು. ಕುರ್ಚಿಗಳ ಮೇಲಿನ ಎಂಟು ಕೋಸುಗಳೂ ಅವನನ್ನೇ ನೋಡುತ್ತಿದ್ದವು. “ಅಯ್ಯೋ ಶಿವನೇ! ಹೆಚ್ಚಿಸಿಡಿ! ಚಾಕು ಎಲ್ಲಿದೆ? ಚಾಕು!”

ಈಗ ಗಂಟೆ ಹನ್ನೊಂದು ಮುವ್ವತ್ತೈದು. ಒಂದಕ್ಕೆ ಅತ್ತೆ. ನಡುವೆ ಉಳಿದದ್ದು ಎಂಬತ್ತೈದು ನಿಮಿಷ. ಎಂಬತ್ತು ಅಡುಗೆಮನೆ ನೋಡಿದ್ದಕ್ಕೆ ಸಿಕ್ಕ ಪ್ರತಿಫಲ ಅಡುಗೆಮನೆಗೊಂದು ನಿಮಿಷದಂತೆ ಆಯಿತು ಅನ್ನಿ.

ಚಾಕು ಸಿಕ್ಕಿತು. ಸಿಕ್ಕ ಎರಡನೇ ನಿಮಿಷಕ್ಕೆ ಮೀಟರಯ್ಯನ ಎಡಗೈ ಹೆಬ್ಬೆರಳಿಗೂ ಸಿಕ್ಕಿತು. ಟೈಲರ್ ಬಟ್ಟೆ ಚೂರು ಸುತ್ತಿ ಗಂಟು ಹಾಕಿ, “ನೀವು ಸಿಪ್ಪೆ ಹೆರೀರಿ ಸಾಕು. ಕತ್ತರಿಸೋದು ನನ್ನ ಕಸುಬು” ಅಂದವನೇ ಅಂಗಡಿಗೆ ಓಡಿ, ಕಾದ ಇಸ್ತ್ರಿಪೆಟ್ಟಿಗೆ ಆರಿಸಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೊಳೆದು ತಂದ. ಬೀನ್ಸನ್ನು ಸಾಲಾಗಿ ಜೋಡಿಸಿ ಟೇಪು ಹಿಡಿದ.

“ಎಷ್ಟಿಂಚು?”

“ಅಯ್ಯೋ, ಯಾವ್ದಾದ್ರೂ ಇಂಚು!”

“ಹಾಗೆಲ್ಲ ಆಗಲ್ಲ ರೀ. ಒಂದೇ ಅಳತೆ ಇದ್ರೆ ಒಂದೇ ಸಲಕ್ಕೆ ಬೇಯುತ್ತೆ. ಒಂದು ತೋಳು ಉದ್ದ ಒಂದು ತೋಳು ಗಿಡ್ಡ ಮಾಡಿದ್ರೆ ಗಿರಾಕಿ ಮುಖಕ್ಕೆ ಎಸೆದು ಹೋಗ್ತಾನೆ. ಅರ್ಧ ಇಂಚು.”

ಕರಕರಕರ ಅಂತ ಕತ್ತರಿ ನಡೆಯಿತು. ಬೀನ್ಸ್ ಅರ್ಧ ಇಂಚು, ಕ್ಯಾರೆಟ್ ಅರ್ಧ ಇಂಚು, ಕೋಸು ಕೂಡ ಸೀಮೆಸುಣ್ಣದ ಗೆರೆ ತಪ್ಪದೆ ಅರ್ಧ ಇಂಚು. ಎಲ್ಲವನ್ನೂ ಹೆಚ್ಚಲು ಪುರುಸೊತ್ತೆಲ್ಲಿ? ಅರ್ಧದಷ್ಟು ಆಗುವಾಗಲೇ ಹನ್ನೆರಡೂ ಹತ್ತು. ಎರಡೂ ಉರಿ ಹಚ್ಚಿದರು. ಈ ಸಲ ಬಾಣಲೆ ನಿಜವಾಗಿ ಕಾದಿತು. ಎಣ್ಣೆ ಒಂದು ಚಮಚ. ಅಷ್ಟು ದೊಡ್ಡ ಬಾಣಲೆಗೆ ಅದು ಎಲ್ಲಿ ಬಿತ್ತು ಅಂತ ಹುಡುಕಬೇಕಾಯಿತು. ಮೇಲೆ ತರಕಾರಿ ಸುರಿದದ್ದೇ ಚುಂಯ್ ಅಂತ ಸದ್ದು ಬಂದು ಇಬ್ಬರೂ ಎರಡು ಹೆಜ್ಜೆ ಹಿಂದೆ ನೆಗೆದರು.

“ನೀರು?” ಅಂದ ಟೈಲರ್.

ಮೀಟರಯ್ಯ ಚೀಟಿಯ ಹಿಂದೆ ಮುಂದೆ ನೋಡಿದ. “ನೀರಿನ ಮಾತೇ ಇಲ್ಲ.”

“ಸೀದು ಹೋಗುತ್ತೆ ಕಣ್ರೀ!”

“ಬರ್ದಿಲ್ಲ ಅಂದ್ರೆ ಬರ್ದಿಲ್ಲ! ಇಷ್ಟು ಹೊತ್ತು ಸ್ವಂತ ಬುದ್ಧಿ ಓಡಿಸಿ ಆಗಿದ್ದು ಸಾಲ್ದಾ?”

ತಟ್ಟೆ ಮುಚ್ಚಬೇಕು. ಆ ಬಾಣಲೆಗೆ ಸಾಲುವ ತಟ್ಟೆ ಯಾವ ಮನೆಯಲ್ಲಿದೆ? ಟೈಲರ್ ತನ್ನ ಅಂಗಡಿಯ ತಗಡಿನ ಬೋರ್ಡನ್ನೇ ಬಿಚ್ಚಿ, ಸೋಪು ಹಾಕಿ ಉಜ್ಜಿ ತಂದು ಮುಚ್ಚಿದ. ‘ಅಳತೆಗೆ ತಕ್ಕಂತೆ ಹೊಲಿದು ಕೊಡಲಾಗುವುದು’ ಎಂಬ ಅಕ್ಷರಗಳ ಸುತ್ತ ಹಬೆ ಏಳತೊಡಗಿತು. ಉರಿ ಜೋರಾಗಿದೆಯೆಂಬ ಭಯಕ್ಕೆ ಮೀಟರಯ್ಯ ತಿರುಪನ್ನು ಹೇಗೋ ತಿರುಗಿಸಿ ಸಣ್ಣ ಮಾಡಿದ.

ಐದು ನಿಮಿಷ ಬಿಟ್ಟು ಹೆದರುತ್ತಾ ಬೋರ್ಡು ಎತ್ತಿದರೆ, ನೀರು! ಯಾರೂ ಹಾಕದ ನೀರು. ತರಕಾರಿ ತನ್ನ ನೀರು ತಾನೇ ಬಿಟ್ಟುಕೊಂಡು, ಅದರಲ್ಲೇ ಬಡಬಡ ಬೇಯುತ್ತಿತ್ತು. ಕ್ಯಾರೆಟ್ಟಿನ ಸಿಹಿ ವಾಸನೆ, ಬೀನ್ಸಿನ ಹಸಿರು ವಾಸನೆ, ಕೋಸಿನ ಘಮ ಎಲ್ಲಾ ಬೆರೆತು ಮೂಗಿಗೆ ಬಡಿಯಿತು. ಎಂಬತ್ತು ಅಡುಗೆಮನೆ ನೋಡಿದ ಮೂಗು ಅದು. ಆ ಮೂಗಿಗೇ ಕಣ್ಣಲ್ಲಿ ನೀರು ಬಂತು.

ಹನ್ನೆರಡೂ ಮುವ್ವತ್ತೈದಕ್ಕೆ ಬೆಂದಿತು. ಬೆಂದ ಮೇಲೆ ಇಳಿಸಿ.

ಇಬ್ಬರೂ ಬಟ್ಟೆ ಹಿಡಿದು ಬಾಣಲೆಯ ಕಿವಿಗೆ ಕೈ ಹಾಕಿದರು. ಅಲ್ಲಾಡಲಿಲ್ಲ. ಇನ್ನೊಮ್ಮೆ ಉಸಿರು ಕಟ್ಟಿ ಎತ್ತಿದರು. ಸ್ಟೋವೇ ಜೊತೆಗೆ ಎದ್ದು ಬರುವ ಹಾಗಾಯಿತು.

“ಇಳಿಸೋಕಾಗಲ್ಲ ಮೀಟರಯ್ಯ. ಇಳಿಸ್ಬೇಕು ಅಂದ್ರೆ ಮೊದ್ಲು ಇಳಿಸ್ಬೇಕು,” ಅಂದ ಟೈಲರ್.

“ಏನ್ರೀ ಹಾಗಂದ್ರೆ?”

“ಒಳಗಿರೋದನ್ನ ಕಮ್ಮಿ ಮಾಡ್ಬೇಕು ರೀ!”

ಮೀಟರಯ್ಯನಿಗೆ ಇದು ತಕ್ಷಣ ಒಪ್ಪಿಗೆಯಾಯಿತು. ಬೆಳಿಗ್ಗೆ ತಪ್ಪಾಗಿ ಹೆಚ್ಚಿಸಿದ್ದನ್ನು ಈಗ ಇಳಿಸುವುದು, ಕಚೇರಿಯ ಸುತ್ತೋಲೆಗಳೂ ಹೀಗೇ ಅಲ್ಲವೇ? ಒಂದು ಹೊರಡುತ್ತದೆ, ಹಿಂದೆಯೇ ಅದನ್ನು ಕಡಿಮೆ ಮಾಡುವ ಇನ್ನೊಂದು ಹೊರಡುತ್ತದೆ. ಬಾಗಿಲಿಗೆ ಬಂದು ನೋಡಿದರೆ ಜನವನ್ನು ಕರೆಯುವ ಕಷ್ಟವೂ ಇಲ್ಲ. ವಾಸನೆಯೇ ಕರೆದಿತ್ತು. ಆರನೇ ನಂಬರಿನಾಕೆ, ಒಂಬತ್ತನೇ ನಂಬರಿನಾತ, ಇಪ್ಪತ್ತನೇ ನಂಬರಿನ ಅಜ್ಜಿ. ಮೀಟರಯ್ಯನಿಗೆ ಮನುಷ್ಯರೆಲ್ಲ ಮೀಟರ್ ನಂಬರಿನಲ್ಲೇ ಪರಿಚಯ.

“ಪಾತ್ರೆ ತನ್ನಿ, ಪಾತ್ರೆ ತನ್ನಿ! ಬೇಗ!”

ಸೌಟು ಎದ್ದಿತು. ಒಬ್ಬರಿಗೆ ಒಂದು ಡಬ್ಬಿ, ಇನ್ನೊಬ್ಬರಿಗೆ ಒಂದು ಬೋಗುಣಿ. ಒಬ್ಬರು ಹೋಗಿ ಇಬ್ಬರಿಗೆ ಹೇಳಿದರು, ಇಬ್ಬರು ಹೋಗಿ ನಾಲ್ವರಿಗೆ. ಇಳಿಸುತ್ತಾ ಇಳಿಸುತ್ತಾ ಮೀಟರಯ್ಯನಿಗೆ ಕೈಗೆ ಹುರುಪು ಹತ್ತಿಬಿಟ್ಟಿತು. ಜೀವಮಾನದಲ್ಲಿ ಯಾರೂ ಅವನ ಎದುರು ನಗುಮುಖದಿಂದ ಸಾಲು ನಿಂತಿರಲಿಲ್ಲ. ಇಪ್ಪತ್ತನೇ ನಂಬರಿನ ಅಜ್ಜಿಗೆ ಎರಡನೇ ಸಲ ಹಾಕುವಾಗ ಸೌಟು ಬಾಣಲೆಯ ತಳಕ್ಕೆ ತಗುಲಿ ಢಣ್ ಅಂದಿತು. ಬಗ್ಗಿ ನೋಡಿದ. ಒಂದೇ ಒಂದು ತಟ್ಟೆಯಷ್ಟು ಉಳಿದಿತ್ತು.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಹಾರನ್ ಆಯಿತು. ಗಂಟೆ ಹನ್ನೆರಡೂ ಮುಕ್ಕಾಲು. ತಪಾಸಣೆ ಮಾಡುವವರು ಹೇಳಿದ ಹೊತ್ತಿಗೆ ಬಂದರೆ ಅದು ತಪಾಸಣೆಯೇ?

ಅತ್ತೆ ಒಳಗೆ ಬಂದರು. ಹಿಂದೆ, ಗಂಟಲಿಗೆ ಪಟ್ಟಿ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು ಹೆಂಡತಿ. ಅತ್ತೆ ಕುರ್ಚಿಯ ಮೇಲಿನ ಕೋಸು ನೋಡಿದರು, ಮಂಚದ ಮೇಲಿನ ಬೀನ್ಸ್ ನೋಡಿದರು, ಒಲೆಯ ಪಕ್ಕದ ಬೋರ್ಡನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು.

“ಇದು ಮನೆಯೋ, ಮಾರ್ಕೆಟ್ಟೋ, ಹೊಲಿಗೆ ಅಂಗಡಿಯೋ?”

ಯಾರೂ ಉತ್ತರ ಕೊಡುವ ಮೊದಲೇ ಆರನೇ ನಂಬರಿನಾಕೆ ಡಬ್ಬಿ ಹಿಡಿದು ವಾಪಸ್ಸು ಬಂದಳು. “ಎಲ್ಲಾ ಚೆನ್ನಾಗಿದೆ ಮೀಟರಯ್ಯ, ಆದ್ರೆ ಉಪ್ಪೇ ಇಲ್ಲ!”

“ಹೌದೌದು, ಉಪ್ಪಿಲ್ಲ,” ಅಂದ ಹಿಂದಿನಿಂದ ಒಂಬತ್ತನೇ ನಂಬರಿನಾತ.

“ಅದೇ ನಾನೂ ಹೇಳೋಕೆ ಬಂದೆ,” ಅಂದಳು ಅಜ್ಜಿ, ಬಾಯಿ ತುಂಬ ಅಗಿಯುತ್ತಲೇ.

ಅತ್ತೆ ಆರನೇ ನಂಬರಿನಾಕೆಯ ಡಬ್ಬಿಯಿಂದ ಒಂದು ಚೂರು ಕ್ಯಾರೆಟ್ ಎತ್ತಿ ಬಾಯಿಗಿಟ್ಟರು. ಅತ್ತೆಯ ಹುಬ್ಬು ನಿಧಾನವಾಗಿ ಮೇಲೇರಿತು.

“ಉಪ್ಪಿಲ್ಲದ ಅಡುಗೆ. ಇದಕ್ಕಾ ಎಂಬತ್ತು ಅಡುಗೆಮನೆ ನೋಡಿದ್ದು? ಬಾರೇ, ಕಾರು ಹತ್ತು.”

ಹೆಂಡತಿ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಗಂಡನ ಹೆಬ್ಬೆರಳಿನ ಬಟ್ಟೆ ಚೂರಿನ ಮೇಲೆ ಇತ್ತು.

“ಒಂದ್ನಿಮಿಷ ಅತ್ತೆ!” ಮೀಟರಯ್ಯ ಕೂಗಿಯೇಬಿಟ್ಟ. ಅತ್ತೆಯ ಎದುರು ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. “ಚೀಟೀಲಿ ಬರ್ದಿದೆ, ಉಪ್ಪು ಕಡೆಗೆ ಅಂತ. ಇವರದ್ದೆಲ್ಲ ಮೊದಲಿನ ತಟ್ಟೆಗಳು. ಇದು ಕಡೇ ತಟ್ಟೆ. ಉಪ್ಪು ಇದಕ್ಕೇ!”

ಉಳಿದದ್ದನ್ನೆಲ್ಲ ಬಳಿದು ತಟ್ಟೆಗೆ ಹಾಕಿ ಉಪ್ಪಿನ ಡಬ್ಬಿ ತೆರೆದ. ತೆರೆದವನು ಹಾಗೇ ನಿಂತ. ಎಷ್ಟು? ಚೀಟಿಯಲ್ಲಿ ಇಲ್ಲ. ಹೆಚ್ಚಾದರೆ ಗಂಟಲಿನ ಗಾಯ ಉರಿಯುತ್ತದೆ, ಕಮ್ಮಿಯಾದರೆ ಕಾರು ಹೊರಡುತ್ತದೆ. ಎಂಬತ್ತು ಅಡುಗೆಮನೆಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಬಂದದ್ದು ತನ್ನ ಮನೆಯದ್ದೊಂದೇ. ಪೇಪರ್ ಓದುತ್ತಾ, ನೋಡಿಯೂ ನೋಡದ ಹಾಗೆ, ಹನ್ನೆರಡು ವರ್ಷ ಈ ಬಾಗಿಲಿನಿಂದಲೇ ಅವನು ಅದನ್ನು ಕಂಡಿದ್ದ. ಅವಳು ಮೂರು ಬೆರಳ ತುದಿಯಲ್ಲಿ ಉಪ್ಪು ಹಿಡಿದು, ಒಂದು ಗೇಣು ಎತ್ತರದಿಂದ ಉದುರಿಸಿ, ಬೆರಳನ್ನು ಪಾತ್ರೆಯ ಅಂಚಿಗೆ ಒಂದು ಸಲ ತಟ್ಟುತ್ತಿದ್ದಳು. ಇವನೂ ಮೂರು ಬೆರಳಲ್ಲಿ ಹಿಡಿದ. ಒಂದು ಗೇಣು ಮೇಲಿಂದ ಉದುರಿಸಿದ. ಅಂಚಿಗೆ ಒಂದು ಸಲ ತಟ್ಟಿದ. ಆಮೇಲೆ ಚೆನ್ನಾಗಿ ಕಲಸಿ ತಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟ.

ಒಂದು ಕೋಸನ್ನು ಎಬ್ಬಿಸಿ ಅವಳಿಗೆ ಕುರ್ಚಿ ಬಿಡಿಸಿಕೊಟ್ಟ ಟೈಲರ್.

ಅವಳು ಮೊದಲ ಚಮಚ ಬಾಯಿಗಿಟ್ಟಳು. ಅಗಿದಳು. ನುಂಗಲು ಹೋಗಿ ಕಣ್ಣು ಬಿಗಿಯಾಗಿ ಮುಚ್ಚಿದಳು. ಅತ್ತೆ, ಟೈಲರ್, ಮೂರು ಮೀಟರ್ ನಂಬರುಗಳು, ಎಲ್ಲರ ದೃಷ್ಟಿಯೂ ಆ ಗಂಟಲಿನ ಪಟ್ಟಿಯ ಮೇಲೆ. ಪಟ್ಟಿ ಒಮ್ಮೆ ಮೇಲೇರಿ ಕೆಳಗಿಳಿಯಿತು. ಅವಳಿಗಿಂತ ಮೊದಲು ಮೀಟರಯ್ಯ ಉಗುಳು ನುಂಗಿದ.

ಎರಡನೇ ಚಮಚ. ಮೂರನೆಯದು. ಅರ್ಧ ತಟ್ಟೆಯಾದ ಮೇಲೆ ಕೈ ನಿಂತಿತು. ಅತ್ತೆ ಮುಂದೆ ಬಗ್ಗಿದರು.

“ಸಾಕೇನೆ? ಚೆನ್ನಾಗಿಲ್ಲ ಅಲ್ವಾ?”

ಹೆಂಡತಿ ಚಮಚವನ್ನು ತಟ್ಟೆಯ ಅಂಚಿಗೆ ಎರಡು ಸಲ ತಟ್ಟಿದಳು. ಟಣ್, ಟಣ್.

“ಏನಿದು?” ಅಂದರು ಅತ್ತೆ.

“ಇಲ್ಲ ಅಂತ!” ಅಂದ ಮೀಟರಯ್ಯ. “ಸಾಕಾಗಿಲ್ಲ ಅಂತ ಅತ್ತೆ!”

ತಟ್ಟೆ ಖಾಲಿಯಾಯಿತು. ಕೊನೆಗೆ ಉಳಿದ ಒಂದು ತುಂಡು ಬೀನ್ಸನ್ನು ಅವಳು ತಟ್ಟೆಯೆಲ್ಲ ಓಡಾಡಿಸಿ ಹಿಡಿದು ತಿಂದಳು. ಮೂರು ದಿನದ ಹಸಿವು ಅಂದರೆ ಸಾಮಾನ್ಯವೇ? ಟೈಲರ್ ಚಪ್ಪಾಳೆ ತಟ್ಟಲು ಕೈ ಎತ್ತಿದವನು ಅತ್ತೆಯ ಮುಖ ನೋಡಿ ಟೇಪು ಸರಿಮಾಡಿಕೊಂಡ.

“ತಿಂದ್ಲು, ಒಪ್ಪಿದೆ,” ಅಂದರು ಅತ್ತೆ. “ಆದ್ರೆ ನಾಳೆ? ನಾಳಿದ್ದು? ದಿನಾ ಈ ಬಾಣಲೆ, ಈ ಬೋರ್ಡು, ಈ ಸಂತೆ? ಒಬ್ಬಳಿಗೆ ಊಟ ಹಾಕೋಕೆ ಊರನ್ನೇ ಸೇರಿಸಿದಾರೆ ಇವರು. ಬೇಡಮ್ಮ, ನನ್ನ ಜೊತೆ ಬಾ. ಏಳು.”

‘ಒಂದು ತಟ್ಟೆ ಪೂರ್ತಿ ತಿಂದ್ರೆ ಅಂತ ನೀವೇ ಹೇಳಿದ್ರಲ್ಲ ಅತ್ತೆ’ ಅನ್ನಬೇಕು ಅಂತ ಮೀಟರಯ್ಯ ಇದ್ದ. ಬಾಯಿ, ಜೀವಮಾನದಲ್ಲಿ ಮೊದಲ ಸಲ, ಮಾತು ಬೇಕಾದಾಗಲೇ ಒಣಗಿ ನಿಂತಿತು.

ಹೆಂಡತಿ ಎದ್ದಳು. ಕಾರಿನ ಕಡೆ ಹೋಗಲಿಲ್ಲ. ಟೈಲರನ ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡಳು, ಒಲೆಯ ಪಕ್ಕದ ಬೋರ್ಡನ್ನು ತಿರುಗಿಸಿ ಅದರ ಬೆನ್ನಿಗೆ ದೊಡ್ಡದಾಗಿ ಒಂದೇ ಒಂದು ಪದ ಬರೆದಳು.

ಇಳಿಸಿ.

ಅತ್ತೆ ಓದಿದರು. “ಏನನ್ನ ಇಳಿಸೋದೆ? ಬಾಣಲೆ ಖಾಲಿ ಆಗಿದೆಯಲ್ಲ?”

“ಉರಿ ಇರ್ಬೇಕು, ಸಣ್ಣ ಮಾಡಿ ಅಂತ,” ಅಂದಳು ಆರನೇ ನಂಬರಿನಾಕೆ.

“ಕೋಸನ್ನ ಕುರ್ಚಿಯಿಂದ ಇಳಿಸಿ ಅಂತ ಕಾಣುತ್ತೆ,” ಅಂದ ಟೈಲರ್.

ಅವರೆಲ್ಲ ಅರ್ಥ ಮಾಡುತ್ತಾ ನಿಂತಿರುವಾಗ ಮೀಟರಯ್ಯ ಅಲ್ಲಿರಲಿಲ್ಲ. ಬೆಳಿಗ್ಗೆಯಿಂದ ಒಂದು ಪದವನ್ನೂ ನೆಟ್ಟಗೆ ಓದದ ಮನುಷ್ಯ, ಈ ಪದವನ್ನು ಕಣ್ಣಿಗೆ ಬಿದ್ದ ಕೂಡಲೇ ಓದಿಬಿಟ್ಟಿದ್ದ. ಚಪ್ಪಲಿ ಇಲ್ಲದೆ ಬೀದಿಗೆ ಓಡಿದ. ಕಾರಿನ ಹಿಂದಿನ ಬಾಗಿಲು ತೆರೆದ ಸದ್ದು, ಏನೋ ಧೊಪ್ಪೆಂದ ಸದ್ದು, ಇನ್ನೇನೋ ಉರುಳಿದ ಸದ್ದು ಕೇಳಿಸಿತು.

ಎಲ್ಲರೂ ಬಾಗಿಲಿಗೆ ಬಂದು ನೋಡಿದರು. ಮೆಟ್ಟಿಲ ಮೇಲೆ ಹೆಂಡತಿಯ ಚೀಲ ಇತ್ತು. ಅದರ ಪಕ್ಕ ಅವಳ ದಿಂಬು, ಔಷಧಿಯ ಪೊಟ್ಟಣ, ಫ್ಲಾಸ್ಕು. ಅದರ ಪಕ್ಕ ಅತ್ತೆಯ ಛತ್ರಿ, ಅತ್ತೆಯ ಕೈಚೀಲ, ಹಿಂದಿನ ಸೀಟಿನ ಮೆತ್ತೆ, ಗಾಳಿ ಹೊಡೆಯುವ ಪಂಪು. ಮೀಟರಯ್ಯ ಏದುಸಿರು ಬಿಡುತ್ತಾ ಕಾರಿನ ಸ್ಟೆಪ್ನಿ ಚಕ್ರವನ್ನು ಉರುಳಿಸಿಕೊಂಡು ಬರುತ್ತಿದ್ದ.

“ಅಳಿಯಂದ್ರೇ, ಏನ್ರೀ ಇದು?”

“ಎಷ್ಟು ಇಳಿಸ್ಬೇಕು ಅಂತ ಬರ್ದಿರಲಿಲ್ಲ ಅತ್ತೆ,” ಅಂದ ಮೀಟರಯ್ಯ. “ಅದಕ್ಕೇ ಎಲ್ಲಾನೂ ಇಳಿಸ್ಬಿಟ್ಟೆ.”

ಹೆಂಡತಿ ಒಂದು ಕೈಯಲ್ಲಿ ಗಂಟಲಿನ ಪಟ್ಟಿ ಹಿಡಿದುಕೊಂಡು, ಡಾಕ್ಟರ ಮಾತು ಮೀರದ ಹಾಗೆ, ಸದ್ದೇ ಇಲ್ಲದೆ ನಕ್ಕಳು. ನಗುತ್ತಲೇ ಇನ್ನೊಂದು ಕೈಯ ಚಮಚದಿಂದ ಬಾಗಿಲಿಗೆ ಒಂದೇ ಒಂದು ಸಲ ತಟ್ಟಿದಳು.